ಪದ ಪರಿಚಯ: ಫಿಶ್ ಮೀಲ್‌ಗೆ ‘ಸಸ್ಯಮೂಲದ ಬದಲಿ’

ಮಂಗಳೂರಿನ ಹೋಟೆಲ್ ಬೋರ್ಡಿನಲ್ಲಿ ‘ಫಿಶ್ ಮೀಲ್ಸ್’ ಅಂತ ಇದ್ದರೆ ಒಳಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು ಸಿಗುತ್ತದೆ. ಕೊನೆಯ ‘ಸ್’ ಬಿಟ್ಟರೆ ಅರ್ಥವೇ ಬೇರೆ. ಮೀನು ಬೇಯಿಸಿ, ಎಣ್ಣೆ-ನೀರು ಹಿಂಡಿ ತೆಗೆದು, ಒಣಗಿಸಿದ ಪುಡಿಯೇ ‘ಫಿಶ್ ಮೀಲ್’. ಎಣ್ಣೆ ತೆಗೆದ ಮೇಲೆ ಉಳಿಯುವುದಕ್ಕೆ ಹಿಂಡಿ ಅನ್ನುವುದಾದರೆ, ಇದೂ ಒಂದು ಲೆಕ್ಕದಲ್ಲಿ ಮೀನಿನ ಹಿಂಡಿಯೇ. ಉಳ್ಳಾಲದ ಕಡೆ ಇದರ ಕಾರ್ಖಾನೆಗಳಿವೆ. ಬೂತಾಯಿಯಂಥ ಸಣ್ಣ ಮೀನು ಅಲ್ಲಿಗೆ ಹೋಗುತ್ತದೆ. ಪುಡಿ ಹೆಚ್ಚಾಗಿ ಸೇರುವುದು ಸಾಕಿದ ಮೀನು, ಸಿಗಡಿಗಳ ಫೀಡ್‌ಗೆ, ಅಂದರೆ ಅವುಗಳಿಗೆ ಹಾಕುವ ಸಿದ್ಧ ಆಹಾರಕ್ಕೆ. ಮೀನು ಸಾಕಲು ಮೀನನ್ನೇ ಹಿಡಿಯಬೇಕು. ವಿಚಿತ್ರ ಅಲ್ವಾ?

ಸಾಕಣೆ ಜಾಸ್ತಿಯಾಯಿತು ಅಂತ ಸಮುದ್ರದ ಸಣ್ಣ ಮೀನು ಜಾಸ್ತಿಯಾಗುವುದಿಲ್ಲ. ಹಾಗಾಗಿ ಪುಡಿಯ ಜಾಗಕ್ಕೆ ಸೋಯಾ, ಶೇಂಗಾ, ಸಾಸಿವೆ ಹಿಂಡಿಗಳನ್ನೂ ಮೆಕ್ಕೆಜೋಳದ ಪ್ರೋಟೀನ್ ಭಾಗವಾದ ಗ್ಲುಟೆನ್ನನ್ನೂ ತರುತ್ತಾರೆ. ಇವೇ ‘ಸಸ್ಯಮೂಲದ ಬದಲಿ’.

‘ಬದಲಿ’ ಅನ್ನುವ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ನಮ್ಮ ಒಳನಾಡಿನಲ್ಲಿ ಕಾಟ್ಲಾ, ರೋಹು ಸಾಕುವವರು ಅಕ್ಕಿ ತೌಡು, ಶೇಂಗಾ ಹಿಂಡಿ ಕಲಸಿ ಉಂಡೆ ಮಾಡಿ ನೀರಿಗೆ ಹಾಕುತ್ತ ಬಂದವರು. ಅವರಿಗೆ ಹಿಂಡಿ ಯಾವುದರ ಬದಲಿಯೂ ಅಲ್ಲ, ಅದೇ ಮೂಲ. ‘ಬದಲಿ’ ಅನ್ನುವ ಮಾತು ಸರಿಯಾಗಿ ಒಪ್ಪುವುದು ನಾರ್ವೆಯ ಸಾಲ್ಮನ್‌ಗೆ. ಅದು ಬೇಟೆಯಾಡಿ ತಿನ್ನುವ ಮೀನು. 1990ರಲ್ಲಿ ಅದರ ಫೀಡ್‌ನ ಸುಮಾರು ಶೇ. 90 ಭಾಗ ಫಿಶ್ ಮೀಲ್, ಮೀನೆಣ್ಣೆಗಳೇ ಆಗಿದ್ದವು. 2013ರ ಹೊತ್ತಿಗೆ ಅದು ಶೇ. 30ರ ಆಸುಪಾಸಿಗೆ ಇಳಿದಿತ್ತು.

ಹಾಗಂತ ಸುಮ್ನೆ ಪುಡಿ ತೆಗೆದು ಹಿಂಡಿ ಸುರಿದರೆ ಆಗುವುದಿಲ್ಲ. ಫಿಶ್ ಮೀಲ್‌ನಲ್ಲಿ ಪ್ರೋಟೀನ್ ಶೇ. 60–70ರಷ್ಟು, ಸೋಯಾ ಹಿಂಡಿಯಲ್ಲಿ ಶೇ. 45ರ ಸುಮಾರು. ಅದಕ್ಕಿಂತ ದೊಡ್ಡ ತೊಡಕು ಪ್ರೋಟೀನಿನ ಒಳಗೇ ಇದೆ. ಪ್ರೋಟೀನ್ ಕಟ್ಟಿರುವುದು ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳಿಂದ; ಅವುಗಳಲ್ಲಿ ಹತ್ತು ಮೀನಿಗೆ ಆಹಾರದಿಂದಲೇ ಸಿಗಬೇಕು. ಸೋಯಾದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕಡಿಮೆ. ಶೇಂಗಾ, ಮೆಕ್ಕೆಜೋಳಗಳಲ್ಲಿ ಲೈಸಿನ್ ಎಂಬ ಇನ್ನೊಂದು ಕಡಿಮೆ. ನಾವು ಅನ್ನಕ್ಕೆ ಬೇಳೆ ಸೇರಿಸುವ ಹಾಗೆ ಅಲ್ಲಿಯೂ ಒಂದರ ಕೊರತೆಗೆ ಇನ್ನೊಂದನ್ನು ಬೆರೆಸುತ್ತಾರೆ. ಅಷ್ಟಕ್ಕೂ ಸಾಲದಿದ್ದರೆ ಕಡಿಮೆ ಬಿದ್ದ ಅಮೈನೋ ಆಮ್ಲವನ್ನೇ ತಂದು ಹಾಕುತ್ತಾರೆ.

ಕಾಳುಗಳಿಗೂ ತಮ್ಮದೇ ಕಾವಲಿದೆ. ಹಸಿ ಸೋಯಾದಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿರುತ್ತದೆ, ಹದವಾಗಿ ಬಿಸಿ ಮಾಡಿದರೆ ಅದು ಅಡಗುತ್ತದೆ. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಿದೆ. ಕಾಳುಗಳಲ್ಲಿರುವ ಫೈಟೇಟ್ ಎಂಬ ಇನ್ನೊಂದು ಅಂಶ ಬಿಸಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದು ರಂಜಕವನ್ನು (ಫಾಸ್ಫರಸ್) ಹಿಡಿದಿಟ್ಟುಕೊಳ್ಳುತ್ತದೆ. ಮೀನಿಗೆ ದಕ್ಕದ ರಂಜಕ ಮಲದ ಜೊತೆ ಹೊರಬಂದು ನೀರಿಗೆ ಸೇರುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ. ಇದಕ್ಕೆ ಫೈಟೇಟನ್ನು ಒಡೆಯುವ ಫೈಟೇಸ್ ಎಂಬ ಕಿಣ್ವವನ್ನು ಫೀಡ್‌ಗೆ ಸೇರಿಸುತ್ತಾರೆ. ಅದರಲ್ಲೂ ಒಂದು ತಮಾಷೆ ಇದೆ. ಬಹಳಷ್ಟು ಫೈಟೇಸ್‌ಗಳು ಚುರುಕಾಗುವುದು ಹುಳಿಯಲ್ಲಿ. ಕಾಟ್ಲಾ, ರೋಹುಗಳಿಗೆ ಹುಳಿ ಸುರಿಸುವ ಜಠರವೇ ಇಲ್ಲ, ತಿಂದದ್ದು ನೇರವಾಗಿ ಕರುಳಿಗೆ. ಅದಕ್ಕೇ ಕೆಲವೊಮ್ಮೆ ಫೀಡ್ ತಯಾರಿಸುವಾಗಲೇ ಹಿಂಡಿಗೆ ಫೈಟೇಸ್ ಬೆರೆಸಿ ನೆನೆಸಿಡುವುದೂ ಉಂಟು.

ಇನ್ನು ಶೇಂಗಾ ಹಿಂಡಿಗೆ ತೇವ ತಗುಲಿದರೆ ಬೂಸ್ಟು ಬರುತ್ತದೆ, ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ. ಇದು ಮೀನಿನ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡುವುದು ಇದಕ್ಕೇ.