ಐದನೆಯ ವಾರ ಯಾರು ಕೇಳುತ್ತಾರೆ?

ಹಾಡುಗಳ ಪರವಾನಗಿ ನನ್ನ ವೃತ್ತಿ. ಯಾವ ಹಾಡನ್ನು ಯಾವ ಜಾಹೀರಾತಿಗೆ, ಎಷ್ಟು ಕಾಲಕ್ಕೆ, ಎಷ್ಟು ಹಣ ಕೊಟ್ಟು ಪಡೆಯಬಹುದೆಂದು ಕಂಪನಿಗಳಿಗೆ ಸಲಹೆ ಕೊಡುತ್ತೇನೆ. ಹಾಡು, ಆಲ್ಬಂಗಳ ಜನಪ್ರಿಯತೆಯನ್ನು ವಾರವಾರ ಅಳೆಯುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಕೊರಿಯಾದ ಯಾವುದಾದರೂ ತಂಡ ಮೊದಲ ಸ್ಥಾನಕ್ಕೆ ಬಂತೆಂದರೆ, ಅಲ್ಲಿ ಸರಕು ಮಾರುವ ಬೆಂಗಳೂರಿನ ನನ್ನ ಕಕ್ಷಿದಾರರಲ್ಲಿ ಒಬ್ಬರಾದರೂ ಮರುದಿನ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಫೋನ್ ಮಾಡುತ್ತಾರೆ. "ಸರ್, ಇವರು ಅಮೆರಿಕವನ್ನೇ ಗೆದ್ದುಬಿಟ್ಟರಲ್ಲ, ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಂಡುಬಿಡೋಣವೇ?" ಎರಡು ತಿಂಗಳ ನಂತರ ಹಾಡು ಪಟ್ಟಿಯಿಂದ ಕಾಣೆಯಾದಾಗ ಅದೇ ಮಹನೀಯರು, "ಆ ಅಲೆ ಮುಗಿದೇ ಹೋಯಿತಂತಲ್ಲ ಸರ್" ಎನ್ನುತ್ತಾರೆ. ಎರಡು ಮಾತೂ ತಪ್ಪು, ಎರಡಕ್ಕೂ ಕಾರಣ ಒಂದೇ. ಪಟ್ಟಿಯ ಸ್ಥಾನವನ್ನು ಅವರು ಜನಗಣತಿಯಂತೆ ಓದುತ್ತಾರೆ.

ಇದನ್ನು ಎಷ್ಟು ಬಾರಿ ವಿವರಿಸಿದ್ದೇನೋ ಲೆಕ್ಕವಿಲ್ಲ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಅಮೆರಿಕದ ಆಲ್ಬಂ ಪಟ್ಟಿಗೆ 2018ರಲ್ಲಿ ಬಂದು 2025ರ ಕೊನೆಯವರೆಗೆ ಇದ್ದ ನಿಯಮದ ಪ್ರಕಾರ, ಆನ್‌ಲೈನ್ ಸಂಗೀತ ಸೇವೆಗೆ ಹಣ ಕಟ್ಟಿದ ಚಂದಾದಾರರು ಒಂದು ಆಲ್ಬಮ್ಮಿನ ಹಾಡುಗಳನ್ನು ಒಟ್ಟು 1,250 ಬಾರಿ ಕೇಳಿದರೆ ಅದು ಒಂದು ಆಲ್ಬಂ ಮಾರಾಟವಾದುದಕ್ಕೆ ಸಮವಾಗಿತ್ತು. ಜಾಹೀರಾತು ಸಹಿಸಿಕೊಂಡು ಪುಕ್ಕಟೆಯಾಗಿ ಕೇಳುವವರಾದರೆ 3,750 ಬಾರಿ ಕೇಳಬೇಕಿತ್ತು. ಈ ಅಂಕಿಗಳನ್ನು ಪಟ್ಟಿಯವರು ಆಗಾಗ ತಿದ್ದುತ್ತಾರೆ, ತರ್ಕ ಮಾತ್ರ ಅದೇ. ಮೂರೂವರೆ ನಿಮಿಷದ ಹಾಡುಗಳೆಂದು ಇಟ್ಟುಕೊಂಡರೂ 1,250 ಬಾರಿ ಕೇಳಲು 70 ಗಂಟೆಗೂ ಹೆಚ್ಚು ಹೊತ್ತು ಬೇಕು. ಅಂಗಡಿಗೆ ಹೋಗಿ ಒಂದು ಸಿಡಿ ಕೊಳ್ಳಲು ಐದು ನಿಮಿಷ ಸಾಕು, ಕೊಂಡದ್ದನ್ನು ಕೇಳಲೇಬೇಕೆಂಬ ನಿಯಮವೂ ಇಲ್ಲ.

ನ್ಯೂಜೆರ್ಸಿಯಲ್ಲಿರುವ ನನ್ನ ಅಣ್ಣನ ಮಗಳು ಒಮ್ಮೆ ಒಂದೇ ಆಲ್ಬಮ್ಮಿನ ನಾಲ್ಕು ಪ್ರತಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದಳು. "ನಾಲ್ಕೂ ಬೇರೆ ಬೇರೆ ಚಿಕ್ಕಪ್ಪ" ಎಂದಳು. ಹಾಡುಗಳು ಬೇರೆಯೇ ಎಂದು ಕೇಳಿದೆ. ಹಾಡು ಅವೇ, ಹೊದಿಕೆ ಬೇರೆ, ಒಳಗಿರುವ ಗಾಯಕರ ಫೋಟೊ ಕಾರ್ಡು ಬೇರೆ, ಅದೂ ಯಾರದು ಸಿಗುವುದೆಂದು ಒಡೆದು ನೋಡುವವರೆಗೆ ಗೊತ್ತಾಗುವುದಿಲ್ಲ. ಆ ಮನೆಯಲ್ಲಿ ಸಿಡಿ ಹಾಕುವ ಯಂತ್ರವೇ ಇಲ್ಲ. ಆದರೂ ಪಟ್ಟಿಯವರ ಲೆಕ್ಕದಲ್ಲಿ ಅವಳೊಬ್ಬಳೇ ಆ ವಾರ 5,000 ಬಾರಿ ಹಾಡು ಕೇಳಿದ್ದಕ್ಕೆ ಸಮನಾದಳು. ನಾನು ಅವಳನ್ನು ಗೇಲಿ ಮಾಡುತ್ತಿಲ್ಲ. ಅವಳು ಕೊಟ್ಟ ಹಣ ನಿಜವಾದದ್ದು, ಪ್ರೀತಿಯೂ ನಿಜವಾದದ್ದೇ. ಆದರೆ ಅವಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವನಿಗೆ ಆ ತಂಡದ ಹೆಸರೇ ಗೊತ್ತಿರಲಿಲ್ಲ, ಮತ್ತು ನನ್ನ ಕಕ್ಷಿದಾರರು ಸೋಪು ಮಾರಬೇಕಾಗಿರುವುದು ಅವನಿಗೂ ಸೇರಿಯೇ.

ಕೊರಿಯಾದ ಸ್ಟ್ರೇ ಕಿಡ್ಸ್ ತಂಡವನ್ನು ನೋಡಿ. 2025ರ ಆಗಸ್ಟ್ ವೇಳೆಗೆ ಅವರ ಏಳು ಆಲ್ಬಂಗಳು ಸತತವಾಗಿ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇ ಬಂದವು. ಆದರೆ ಬಿಡಿ ಹಾಡುಗಳ ಪಟ್ಟಿಯಾದ ಹಾಟ್ 100ರಲ್ಲಿ ಆವರೆಗೆ ಅವರ ಒಂದು ಹಾಡೂ ಮೊದಲ ನಲವತ್ತರೊಳಗೆ ಬಂದಿರಲಿಲ್ಲ. ಇದು ಬಾವಿ. ಎಷ್ಟು ಸೇದಿದರೂ ನೀರಿದೆ, ಆದರೆ ಅದನ್ನು ಕೆರೆಯೆಂದು ತಿಳಿದು ದೋಣಿ ಇಳಿಸಲು ಹೋಗಬಾರದು. ಬಿಟಿಎಸ್‌ನಂಥ ದೊಡ್ಡ ತಂಡದಲ್ಲೂ ಇದು ಕಾಣುತ್ತದೆ. 2020ರ ಕೊನೆಯಲ್ಲಿ ಅವರ 'ಲೈಫ್ ಗೋಸ್ ಆನ್' ಬಹುಪಾಲು ಕೊರಿಯನ್ ಭಾಷೆಯಲ್ಲಿದ್ದೂ ಹಾಟ್ 100ರಲ್ಲಿ ಮೊದಲ ಸ್ಥಾನಕ್ಕೆ ಬಂದು ಇತಿಹಾಸ ಮಾಡಿತು, ಮರುವಾರ 28ಕ್ಕೆ ಇಳಿಯಿತು. 2023ರಲ್ಲಿ ಅದೇ ತಂಡದ ಜಿಮಿನ್ ಅವರ 'ಲೈಕ್ ಕ್ರೇಜಿ' ಒಂದರಿಂದ 45ಕ್ಕೆ ಇಳಿಯಿತು. ಮೊದಲ ವಾರ ಅಭಿಮಾನಿಗಳ ಕೊಳ್ಳುವ ಕೈಯನ್ನು ತೋರಿಸುತ್ತದೆ, ಐದನೆಯ ವಾರ ಅಪರಿಚಿತರ ಕಿವಿಯನ್ನು ತೋರಿಸುತ್ತದೆ. ನಾನು ಕಕ್ಷಿದಾರರಿಗೆ ಹೇಳುವುದು ಇಷ್ಟೇ, ಇದನ್ನೇ ಅವರು ಕೇಳಿಸಿಕೊಳ್ಳುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 2012ರಲ್ಲಿ ಕೊರಿಯಾದ ಗಾಯಕ ಸೈ ಅವರ 'ಗಂಗ್ನಮ್ ಸ್ಟೈಲ್' ಕೇಳದ ಕಿವಿಯೇ ಇರಲಿಲ್ಲ, ನಮ್ಮೂರಿನ ಮದುವೆಗಳಲ್ಲೂ ಜನ ಕುದುರೆ ಏರಿದವರಂತೆ ಕುಣಿದರು. ಯೂಟ್ಯೂಬಿನಲ್ಲಿ ನೂರು ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಅದು. ಆದರೂ ಹಾಟ್ 100ರಲ್ಲಿ ಏಳು ವಾರ ಎರಡನೆಯ ಸ್ಥಾನದಲ್ಲೇ ನಿಂತಿತು, ಏಕೆಂದರೆ ಮೇಲಿದ್ದ ಮರೂನ್ 5 ತಂಡದ ಹಾಡಿಗೆ ರೇಡಿಯೊದವರ ಬೆಂಬಲವಿತ್ತು, ಯೂಟ್ಯೂಬ್ ವೀಕ್ಷಣೆಯನ್ನು ಬಿಲ್‌ಬೋರ್ಡ್ ಲೆಕ್ಕಕ್ಕೆ ತೆಗೆದುಕೊಳ್ಳಲು ಆರಂಭಿಸಿದ್ದು 2013ರ ಫೆಬ್ರವರಿಯಲ್ಲಿ. ಅನಂತರ ಪಟ್ಟಿಗೆ ಬಂದ ಸೈ ಅವರ ಮೊದಲ ಮೂರು ಹಾಡುಗಳು ಮುಟ್ಟಿದ ಸ್ಥಾನಗಳು ಕ್ರಮವಾಗಿ 5, 26, 97. ಅವರಿಗೆ ಕೇಳುಗರಿದ್ದರು, ನಾಲ್ಕು ಪ್ರತಿ ಕೊಳ್ಳುವವರು ಇರಲಿಲ್ಲ. ಜಪಾನಿನ ಕ್ಯು ಸಕಮೋಟೊ 1963ರಲ್ಲಿ ಜಪಾನಿ ಭಾಷೆಯ ಹಾಡಿನಿಂದಲೇ ಅಮೆರಿಕದ ಮೊದಲ ಸ್ಥಾನದಲ್ಲಿ ಮೂರು ವಾರ ಇದ್ದರು, ಅವರ ಹಿಂದೆ ಆ ದಾರಿಯಲ್ಲಿ ಮತ್ತೊಬ್ಬ ಜಪಾನಿ ಗಾಯಕ ಬರಲಿಲ್ಲ.

ಹಾಗಾದರೆ ಆಳವೂ ಅಗಲವೂ ಎರಡೂ ಇದ್ದ ಹಾಡುಗಳು ಇಲ್ಲವೇ ಎಂದು ನೀವು ಕೇಳಬಹುದು. ಇವೆ, ಆದರೆ ಅವುಗಳ ಹುಟ್ಟನ್ನು ಗಮನಿಸಬೇಕು. ಬಿಟಿಎಸ್‌ನ 2020ರ 'ಡೈನಮೈಟ್' ಹಾಟ್ 100ರಲ್ಲಿ 32 ವಾರ ಉಳಿಯಿತು. ಅದು ಇಡಿಯಾಗಿ ಇಂಗ್ಲಿಷಿನಲ್ಲಿದೆ, ಬರೆದವರು ಇಬ್ಬರು ಬ್ರಿಟಿಷರು. ಕೊರಿಯಾದ ಬ್ಲ್ಯಾಕ್‌ಪಿಂಕ್ ತಂಡದ ರೋಸೆ 2024ರಲ್ಲಿ ಅಮೆರಿಕದ ಗಾಯಕ ಬ್ರೂನೋ ಮಾರ್ಸ್ ಜೊತೆ ಹಾಡಿದ 'ಎಪಿಟಿ' ಅಮೆರಿಕದಲ್ಲಿ ಮೂರನೆಯ ಸ್ಥಾನ ಮುಟ್ಟಿ ರೇಡಿಯೊದಲ್ಲಿ ತಿಂಗಳುಗಟ್ಟಲೆ ನಿಂತಿತು. ಅದರ ಪಲ್ಲವಿಯಲ್ಲಿರುವ ಕೊರಿಯನ್ ಪದ 'ಆಪಾತು' ಮೂಲತಃ ಇಂಗ್ಲಿಷಿನ ಅಪಾರ್ಟ್‌ಮೆಂಟೇ. 2025ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ಅನಿಮೇಷನ್ ಚಿತ್ರದ 'ಗೋಲ್ಡನ್' ಎಂಟು ವಾರ ಅಮೆರಿಕದ ಮೊದಲ ಸ್ಥಾನದಲ್ಲಿತ್ತು, ಬ್ರಿಟನ್ನಿನಲ್ಲೂ ಮೊದಲ ಸ್ಥಾನ ಪಡೆಯಿತು. ಆ ಹಾಡಿನ ತಂಡ ತೆರೆಯ ಮೇಲಿನ ಕಲ್ಪನೆ. ಅದನ್ನು ಬರೆದವರಲ್ಲಿ ಒಬ್ಬರಾದ, ಮುಖ್ಯ ದನಿಯೂ ಆದ ಈಜೇ, ಎಸ್ಎಂ ಎಂಬ ಕೊರಿಯಾದ ದೊಡ್ಡ ಸಂಸ್ಥೆಯಲ್ಲಿ ಸುಮಾರು ಹತ್ತು ವರ್ಷ ತರಬೇತಿ ಪಡೆದೂ ಅಲ್ಲಿಂದ ಗಾಯಕಿಯಾಗಿ ರಂಗಕ್ಕೆ ಬರಲಾಗದವರು. ಈ ಒಂದು ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನನ್ನ ಅಂದಾಜು, ಅಂದಾಜೆಂದೇ ಇದನ್ನು ಓದಬೇಕು, ಹೀಗಿದೆ. ಪಾಶ್ಚಾತ್ಯ ಮುಖ್ಯವಾಹಿನಿಯಲ್ಲಿ ಉಳಿಯುವುದು ಕೊರಿಯಾದ ಹಾಡು ಕಟ್ಟುವ ಕಸುಬು; ಕೊರಿಯಾದ ತಂಡಗಳು ಉಳಿಯುವುದು ತಮ್ಮ ಅಭಿಮಾನಿಗಳ ನಡುವೆ. ಸ್ವೀಡನ್ನಿನ ಆಬಾ ತಂಡ 1974ರಲ್ಲಿ ಯೂರೋವಿಷನ್ ಗೆದ್ದು ಬಾಗಿಲು ತೆರೆಯಿತು, ತಂಡ ಚದುರಿದ ಮೇಲೂ ಮ್ಯಾಕ್ಸ್ ಮಾರ್ಟಿನ್‌ರಂಥ ಸ್ವೀಡಿಷ್ ಗೀತರಚನಕಾರರು ಅಮೆರಿಕದ ತಾರೆಯರಿಗೆ ಹಾಡು ಕಟ್ಟಿಕೊಡುತ್ತಲೇ ಬಂದರು, ಅವನ್ನು ಸ್ವೀಡನ್ನಿನ ಹಾಡೆಂದು ಯಾರೂ ಕರೆಯಲಿಲ್ಲ. ಕೊರಿಯಾದವರು ಆ ಕಸುಬಿನ ಒಂದು ಭಾಗವನ್ನು ಕಲಿತದ್ದೂ ಅದೇ ಉತ್ತರ ಯುರೋಪಿನಿಂದ. ಕೊರಿಯಾದ ಗರ್ಲ್ಸ್ ಜನರೇಷನ್ ತಂಡದ 2009ರ 'ಜೀನಿ'ಯ ರಾಗ ಹೆಚ್ಚಾಗಿ ನಾರ್ವೆಯವರ ರಚನೆ. ಈಗ ಬಿಟಿಎಸ್‌ನ ಹಿಂದಿರುವ ಹೈಬ್ ಸಂಸ್ಥೆ ಅಮೆರಿಕದ ಗೆಫನ್ ಎಂಬ ಸಂಗೀತ ಕಂಪನಿಯ ಜೊತೆ ಸೇರಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿರುವ ಕ್ಯಾಟ್ಸ್‌ಐ ತಂಡದಲ್ಲಿ ತಮಿಳು ಮೂಲದ ಹುಡುಗಿಯೂ ಇದ್ದಾಳೆ. ಹಾಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಇದನ್ನು ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಸಂಗೀತ, ಎನ್ನಬೇಕೇ ಬೇಡವೇ ಎಂಬ ಜಗಳ ಅಭಿಮಾನಿಗಳದು, ಲೆಕ್ಕ ಬರೆಯುವವನಿಗೆ ಬೇಡ.

ಸ್ಪ್ಯಾನಿಷ್ ಹಾಡುಗಳು ಅಮೆರಿಕದಲ್ಲಿ ಉಳಿದುಕೊಂಡಿವೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಅಮೆರಿಕದಲ್ಲಿ ಮನೆಯೊಳಗೆ ಸ್ಪ್ಯಾನಿಷ್ ಮಾತಾಡುವವರು ನಾಲ್ಕು ಕೋಟಿಗೂ ಹೆಚ್ಚಿದ್ದಾರೆ, ಅವರಿಗೆ ತಮ್ಮವೇ ರೇಡಿಯೊ ಕೇಂದ್ರಗಳಿವೆ. ಕೊರಿಯನ್ನರು ಸುಮಾರು ಇಪ್ಪತ್ತು ಲಕ್ಷ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ.

ಅಭಿಮಾನಿಗಳ ಬಾವಿ ಬತ್ತುವುದಿಲ್ಲವೆಂದೂ ನಾನು ಬರೆದುಕೊಡಲಾರೆ. ಕೊರಿಯಾದ ಸರ್ಕಲ್ ಪಟ್ಟಿಯ ಪ್ರಕಾರ 2023ರಲ್ಲಿ 11 ಕೋಟಿ ದಾಟಿದ್ದ ಆಲ್ಬಂ ಮಾರಾಟ 2024ರಲ್ಲಿ 10 ಕೋಟಿಗಿಂತ ಕೆಳಗಿಳಿಯಿತು. ಬಿಟಿಎಸ್‌ನ ಏಳು ಮಂದಿಯೂ 2022ರ ಡಿಸೆಂಬರಿನಿಂದ 2025ರ ಜೂನ್‌ವರೆಗೆ ಸರದಿಯಂತೆ ಕಡ್ಡಾಯ ಸೈನಿಕ ಸೇವೆ ಮುಗಿಸಿದರು. ಒಪ್ಪಂದ ಬರೆಯುವವರು ನೆನಪಿಡಬೇಕಾದ ಅಪಾಯವಿದು. ಇನ್ನೂ ದೊಡ್ಡ ಅಪಾಯ ಫಿಫ್ಟಿ ಫಿಫ್ಟಿ ತಂಡದ್ದು. ಸಣ್ಣ ಸಂಸ್ಥೆಯೊಂದರಿಂದ 2023ರಲ್ಲಿ ಬಂದ 'ಕ್ಯುಪಿಡ್' ಹಾಡು ಕೊಳ್ಳುವವರ ಪಡೆಯಿಲ್ಲದೆ, ಬರೀ ಕೇಳುವವರಿಂದಲೇ ಹಾಟ್ 100ರಲ್ಲಿ 17ನೆಯ ಸ್ಥಾನಕ್ಕೆ ಏರಿ ತಿಂಗಳುಗಟ್ಟಲೆ ನಿಂತಿತು. ನಾನು ಹುಡುಕುವ ಐದನೆಯ ವಾರ ಅಲ್ಲಿತ್ತು. ಆದರೆ ಸಂಸ್ಥೆಗೂ ಗಾಯಕಿಯರಿಗೂ ವ್ಯಾಜ್ಯ ಹುಟ್ಟಿ, ವರ್ಷ ಮುಗಿಯುವಷ್ಟರಲ್ಲಿ ನಾಲ್ವರಲ್ಲಿ ಒಬ್ಬರೇ ಉಳಿದರು. ಆದ್ದರಿಂದಲೇ ನಾನು ತಂಡದ ಮುಖಕ್ಕಲ್ಲ, ಹಾಡಿಗೆ ಹಣ ಕೊಡಿ ಎನ್ನುತ್ತೇನೆ; ಆರು ತಿಂಗಳಿಗೆ ಕೊಡಿ, ಮುಂದುವರಿಸುವ ಹಕ್ಕನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ.

ಕಳೆದ ಸಲ ನ್ಯೂಜೆರ್ಸಿಗೆ ಹೋಗಿದ್ದಾಗ ನನ್ನ ಅಣ್ಣ, ಭೀಮಸೇನ ಜೋಶಿಯವರನ್ನು ಬಿಟ್ಟು ಬೇರೆಯವರನ್ನು ಗಾಯಕರೆಂದೇ ಒಪ್ಪದವನು, ಕಾರು ಓಡಿಸುತ್ತಾ 'ಆಪಾತು ಆಪಾತು' ಎಂದು ಗುನುಗುತ್ತಿದ್ದ. ಮಗಳು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎಲ್ಲಿ ಕೇಳಿದೆ ಎಂದು ವಿಚಾರಿಸಿದೆ. "ರೇಡಿಯೊದಲ್ಲಿ ದಿನಾ ಬರುತ್ತದಲ್ಲ, ಅದೇ, ಯಾವುದೋ ಅಪಾರ್ಟ್‌ಮೆಂಟ್ ಮಾರುವವರ ಜಾಹೀರಾತು" ಎಂದ.