ಗುಡ್ಡದ ಸೈಕಲ್ಲಿಗೆ ಬಿಸಿಲ ರಜೆ

ಮೌಂಟನ್ ಬೈಕ್ ತರಬೇತಿಯ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ನಾಡಿನವರದು. ಡಿಸೆಂಬರ್ 21ರಂದು ನಾರ್ವೆಯ ಆಸ್ಲೋದಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಕೆಲಸಕ್ಕೆ ಹೊರಟಾಗಲೂ ಕತ್ತಲು, ಮರಳುವಾಗಲೂ ಕತ್ತಲು. ಹಾಗಾಗಿ ಅಲ್ಲಿನವರು ಸೈಕಲ್ಲನ್ನು ಮನೆಯೊಳಗೆ ಟ್ರೇನರ್‌ಗೆ ಬಿಗಿದು ಚಳಿ ಕಳೆಯುವವರೆಗೆ ನಿಂತಲ್ಲೇ ತುಳಿಯುತ್ತಾರೆ. ಅದೇ ದಿನ ಬಳ್ಳಾರಿಯಲ್ಲಿ 11 ಗಂಟೆಗೂ ಮೀರಿದ ಹಗಲು. ಸಂಡೂರಿನ ಗುಡ್ಡಕ್ಕಾಗಲಿ ಆನೆಗೊಂದಿಯ ಬಂಡೆಗಳ ಕಡೆಗಾಗಲಿ ಹೋಗಲು ವರ್ಷದಲ್ಲೇ ಹದವಾದ ಹವೆ. ನಮ್ಮಲ್ಲಿ ಸೈಕಲ್ ಗೋಡೆಗೆ ಒರಗುವುದು ಮಾರ್ಚ್ ಕೊನೆಯಿಂದ ಜೂನಿನ ಮಳೆಯವರೆಗೆ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೆಯ ಮಾತಿದೆಯಲ್ಲ, ಆ ಎರಡನೆಯ ಕಾಲದ ಸಂಗತಿ ಇದು. ಅವರು ಚಳಿಗಾಲದಲ್ಲಿ ಮಾಡುವುದನ್ನು ನಾವು ಏಪ್ರಿಲ್-ಮೇನಲ್ಲಿ ಮಾಡಬೇಕು. ಆದರೆ ಅವರು ಒಳಗೆ ಹೋಗುವುದು ಬೆಚ್ಚಗಿರಲು; ನಮಗೆ ಒಳಮನೆಯೂ ಕುಲುಮೆಯೇ.

ಎರಡು ತಿಂಗಳು ಪೂರ್ತಿ ಬಿಟ್ಟರೆ ಏನಾಗುತ್ತದೆ? ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಟ್ಟಲೆ ಪಳಗಿದ್ದ ಏಳು ಜನ ಅಭ್ಯಾಸ ನಿಲ್ಲಿಸಿದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೊದಲ ಮೂರು ವಾರದೊಳಗೇ ಸುಮಾರು ಶೇ. 7 ಇಳಿಯಿತು, 56 ದಿನಕ್ಕೆ ಶೇ. 16. ಮೊದಲು ಸೊರಗುವುದು ಕಾಲಿನ ಸ್ನಾಯುವಲ್ಲ, ರಕ್ತದ ಪ್ರಮಾಣ. ರಕ್ತದ ದ್ರವಭಾಗ ಕಡಿಮೆಯಾದಂತೆ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ. ಜೂನಿನಲ್ಲಿ ಮೊದಲ ಏರಿಗೇ ಎದೆ ಡವಗುಟ್ಟುವುದು ಇದರಿಂದ.

ಸಮಾಧಾನದ ಸಂಗತಿ ಸಂಶೋಧಕ ರಾಬರ್ಟ್ ಹಿಕ್ಸನ್ 1980ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿದೆ. ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಸೈಕಲ್ ತುಳಿಸಿ, ಓಡಿಸಿ ಜನರನ್ನು ಪಳಗಿಸಿದರು. ಆಮೇಲೆ 15 ವಾರ ಅಭ್ಯಾಸ ಕಡಿತ. ಆರು ದಿನವನ್ನು ಎರಡಕ್ಕೆ ಇಳಿಸಿದರೂ ಗರಿಷ್ಠ ಸಾಮರ್ಥ್ಯ ಉಳಿಯಿತು. 40 ನಿಮಿಷವನ್ನು 13ಕ್ಕೆ ಇಳಿಸಿದಾಗ ಗರಿಷ್ಠ ಸಾಮರ್ಥ್ಯ ಉಳಿದರೂ ದೀರ್ಘಕಾಲ ದುಡಿಯುವ ತಾಳಿಕೆ ತುಸು ಕುಗ್ಗಿತು. ದಿನವನ್ನೂ ಸಮಯವನ್ನೂ ಹಾಗೇ ಇಟ್ಟು ಬಿರುಸನ್ನು ಮಾತ್ರ ಮೂರನೇ ಒಂದು ಭಾಗ ಇಳಿಸಿದಾಗ ಎರಡೂ ಕುಸಿದವು. ಬೇಸಿಗೆಯಲ್ಲಿ ಹೆಚ್ಚಿನವರು ಮಾಡುವುದು ಸರಿಯಾಗಿ ಈ ಕೊನೆಯ ತಪ್ಪನ್ನೇ: ದಿನಾ ಒಂದು ಗಂಟೆ, ಮೊಬೈಲ್ ನೋಡುತ್ತಾ, ಅತ್ತ ಆರಾಮವೂ ಅಲ್ಲದ ಇತ್ತ ಕಷ್ಟವೂ ಅಲ್ಲದ ನಡುವಣ ವೇಗ. ಬೆವರೇನೋ ಧಾರಾಳ, ಉಳಿಯುವುದು ಕಡಿಮೆ.

ಹಾಗಾಗಿ ವಾರಕ್ಕೆ ಎರಡು ಬಿರುಸಿನ ದಿನ, ಒಂದು ಉದ್ದದ ದಿನ ಸಾಕು. ಒಂದು ದಿನ 15 ನಿಮಿಷ ಹಗುರಾಗಿ ತುಳಿದು, ನಂತರ ನಾಲ್ಕು ನಿಮಿಷದ ನಾಲ್ಕು ಸುತ್ತು. ಹೃದಯಬಡಿತ ಗರಿಷ್ಠದ ಶೇ. 90ರ ಆಸುಪಾಸು, ಎರಡು ಸುತ್ತಿನ ನಡುವೆ ಮೂರು ನಿಮಿಷ ಹಗುರ. ಇನ್ನೊಂದು ದಿನ 40 ಸೆಕೆಂಡ್ ಜೋರು, 20 ಸೆಕೆಂಡ್ ಹಗುರ. ಇಂಥ ಎಂಟರ ಎರಡು ಕಂತು, ನಡುವೆ ಐದು ನಿಮಿಷ ಬಿಡುವು. ಗುಡ್ಡದ ಹಾದಿಯ ಕೆಲಸ ಹೀಗೇ ಅಲ್ಲವೇ? ಕಲ್ಲು ದಾಟಲು ಒಂದು ಎಳೆತ, ಉಸಿರು ತೆಗೆಯುವಷ್ಟರಲ್ಲಿ ಇನ್ನೊಂದು ದಿಬ್ಬ. ಸೆಕೆಯಲ್ಲಿ ಹಾರ್ಟ್‌ರೇಟ್ ಮೀಟರನ್ನು ಪೂರ್ತಿ ನಂಬಬೇಡಿ. ರಕ್ತ ಚರ್ಮದ ಕಡೆಗೂ ಹರಿಯುವುದರಿಂದ ಅದೇ ಗೇರ್, ಅದೇ ವೇಗದಲ್ಲೂ ಬಡಿತ ಏರುತ್ತಲೇ ಹೋಗುತ್ತದೆ. ಮೊದಲ ಸುತ್ತಿನ ಗೇರ್ ಮತ್ತು ನಿಮಿಷಕ್ಕೆ ಎಷ್ಟು ತುಳಿತ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೂರನೆಯ ಸುತ್ತಿನಲ್ಲಿ ಅದು ಸಾಧ್ಯವಾಗದಿದ್ದರೆ ಆ ದಿನದ ಲೆಕ್ಕ ಮುಗಿಯಿತು.

ಈಗ ಸೆಕೆಯ ಲೆಕ್ಕ. ತಿಂದ ಅನ್ನದ ಶಕ್ತಿಯಲ್ಲಿ ಪೆಡಲ್‌ಗೆ ಮುಟ್ಟುವುದು ಶೇ. 20ರಿಂದ 25 ಮಾತ್ರ, ಉಳಿದದ್ದು ಶಾಖ. 150 ವಾಟ್ ತುಳಿಯುವವರ ಮೈ 500 ವಾಟ್‌ನಷ್ಟು ಶಾಖ ಹೊಮ್ಮಿಸುತ್ತದೆ. ಸಣ್ಣದೊಂದು ಇಸ್ತ್ರಿಪೆಟ್ಟಿಗೆಯನ್ನು ಮೈಯೊಳಗೆ ಹೊತ್ತಿಸಿಟ್ಟ ಹಾಗೆ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೊರಗೆ ಹೋಗುತ್ತದೆ. ಅಂದರೆ ಒಂದು ಗಂಟೆಯ ಶಾಖ ಕಳೆಯಲು ಮುಕ್ಕಾಲು ಲೀಟರ್ ಬೆವರು ಸಾಕು, ಅದು ಆವಿಯಾದರೆ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಮೈಯನ್ನು ಎಳ್ಳಷ್ಟೂ ತಂಪು ಮಾಡುವುದಿಲ್ಲ. ರಸ್ತೆಯಲ್ಲಿ ಎದುರುಗಾಳಿ ಮಾಡುತ್ತಿದ್ದ ಕೆಲಸವನ್ನು ಕೋಣೆಯಲ್ಲಿ ಫ್ಯಾನ್ ಮಾಡಬೇಕು. ಸೀಲಿಂಗ್ ಫ್ಯಾನ್ ಸಾಲದು. ಕಾದ ಸ್ಲ್ಯಾಬಿನ ಕೆಳಗಿನ ಬಿಸಿಗಾಳಿಯನ್ನೇ ಅದು ತಲೆಗೆ ಸುರಿಯುತ್ತದೆ. ಸ್ಟ್ಯಾಂಡ್ ಫ್ಯಾನನ್ನು ಎದುರಿಗೆ, ಎದೆಯ ಮಟ್ಟಕ್ಕೆ ಇಡಿ. ರಾಯಚೂರಿನಂಥ ಒಣ ಹವೆಯಲ್ಲಿ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಿಟಕಿ ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ಹತ್ತೇ ನಿಮಿಷಕ್ಕೆ ತೇವ ತುಂಬಿ ಬೆವರು ಆರುವುದೇ ನಿಲ್ಲುತ್ತದೆ. ಮಾಳಿಗೆಯ ಕೆಳಗಿನ ಕೋಣೆ ಬೇಡ, ಕೆಳಮನೆ ಇರಲಿ. ಹೊತ್ತು ನಸುಕಿನ ಐದೂವರೆ. ಸಂಜೆ ಏಳಕ್ಕೆ ಗೋಡೆಗಳು ಹಗಲು ಕುಡಿದ ಬಿಸಿಲನ್ನು ಕಾರುತ್ತಿರುತ್ತವೆ. ಕರೆಂಟ್ ಹೋದರೆ ಮ್ಯಾಗ್ನೆಟಿಕ್ ಟ್ರೇನರ್ ನಡೆಯುತ್ತದೆ, ನೀವು ಮಾತ್ರ ಬಿರುಸು ನಿಲ್ಲಿಸಿ.

ಟ್ರೇನರ್ ಕೊಳ್ಳುವ ಮುನ್ನ ಹಿಂಚಕ್ರದ ಆಕ್ಸಲ್ (ಅಚ್ಚು) ನೋಡಿ. ಹಿಂಚಕ್ರ ರೋಲರ್ ಮೇಲೆ ಕೂರುವ ಹಲವು ಟ್ರೇನರ್‌ಗಳು ಕ್ವಿಕ್ ರಿಲೀಸ್‌ಗೆ, ಅಂದರೆ ಹಿಡಿ ತಿರುಗಿಸಿ ಸಡಿಲಿಸುವ ತೆಳು ಕಡ್ಡಿಗೆ, ಮಾಡಿದವು. ಈಗಿನ ಮೌಂಟನ್ ಬೈಕ್‌ಗಳಲ್ಲಿ ಫ್ರೇಮಿಗೇ ತಿರುಪಿ ಕೂರಿಸುವ 12 ಮಿ.ಮೀ. ಥ್ರೂ ಆಕ್ಸಲ್ ಇರುತ್ತದೆ. ಅದಕ್ಕೆ ಬೇರೆ ಆಕ್ಸಲ್ ಬೇಕು, ಅದರ ಥ್ರೆಡ್ ಅಂತರ 1, 1.5 ಅಥವಾ 1.75 ಮಿ.ಮೀ. ಇರಬಹುದು. ತಪ್ಪಾದದ್ದನ್ನು ಒತ್ತಿ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಹಾಳು. ಗುಬುಟಿನ ಟೈರ್ ರೋಲರ್ ಮೇಲೆ ಗುಂಯ್‌ಗುಡುತ್ತದೆ, ಬೇಗ ಸವೆಯುತ್ತದೆ, ಜೋರು ಎಳೆತದಲ್ಲಿ ಜಾರುತ್ತದೆ. ಸಪಾಟು ಟೈರ್ ಹಾಕಿ. ಹ್ಯಾಂಡಲ್‌ನಿಂದ ಸೀಟ್‌ವರೆಗೆ ಟವೆಲ್ ಹಾಸದಿದ್ದರೆ ಬೆವರಿನ ಉಪ್ಪು ಹ್ಯಾಂಡಲ್ ತಿರುಗಲು ಇರುವ ಹೆಡ್‌ಸೆಟ್ ಬೇರಿಂಗ್ ಮತ್ತು ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಬೋಲ್ಟ್‌ಗಳನ್ನು ತಿನ್ನುತ್ತದೆ.

ಟ್ರೇನರ್ ಕಾಲಿಗಷ್ಟೇ. ಇಳಿಜಾರಿನಲ್ಲಿ ಪೆಡಲ್ ಮೇಲೆ ನಿಂತು, ಸೊಂಟ ಹಿಂದಕ್ಕೆ ಮಡಚಿ, ಎರಡು ಬೆರಳಲ್ಲಿ ಬ್ರೇಕ್ ಹಿಡಿದಿರುವ ಶಕ್ತಿ ಬೇರೆಯದು. ಇದಕ್ಕೆ ಜಿಮ್‌ಗಿಂತ ಗರಡಿಯ ಬುದ್ಧಿ ಮೇಲು: ಬಸ್ಕಿ, ದಂಡ, ಗುಂಡು ಎತ್ತುವುದು. ಗುಂಡಿಲ್ಲದಿದ್ದರೆ 25 ಕಿಲೋ ಜೋಳದ ಚೀಲ ಆದೀತು; ಬೆನ್ನು ನೆಟ್ಟಗಿಟ್ಟು, ಸೊಂಟದಲ್ಲಿ ಬಾಗಿ ಎತ್ತಿ, ಎಂಟರ ಮೂರು ಸರದಿ. ಆಮೇಲೆ ಎರಡೂ ಕೈಯಲ್ಲಿ ಹಿಡಿಕೆಯ 15 ಲೀಟರ್ ಕ್ಯಾನ್ ಹಿಡಿದು 40 ಮೀಟರ್ ನಡಿಗೆ, ನಾಲ್ಕು ಸಲ. ಮೊದಲು ಸೋಲುವುದು ಮುಷ್ಟಿ. ಬ್ರೇಕ್ ಹಿಡಿದು ಹಿಡಿದು ಇಳಿಜಾರಿನ ಕೊನೆಗೆ ಸೋಲುವುದೂ ಅದೇ.

ಉದ್ದದ ದಿನಕ್ಕೆ ಹೊರಗೆ ಹೋಗಲೇಬೇಕು. ಮೇ ಮಧ್ಯದಲ್ಲಿ ಬಳ್ಳಾರಿಯಲ್ಲಿ ಸೂರ್ಯ ಮೂಡುವುದು 5.50ರ ಸುಮಾರಿಗೆ, ಎಂಟೂವರೆಗೆ ಮನೆ ಸೇರಿರಬೇಕು. ಹೆಡ್‌ಲೈಟ್ ಕಟ್ಟಿಕೊಂಡು ನಾಲ್ಕಕ್ಕೇ ಬಂಡೆಗಳ ನಡುವೆ ನುಗ್ಗುವ ಉಪಾಯ ಇಲ್ಲಿಗೆ ಹೊಂದದು. ದರೋಜಿ ಸುತ್ತಿನ ಗುಡ್ಡಗಳಲ್ಲಿ ಕರಡಿ, ಆನೆಗೊಂದಿ ಕಡೆ ಚಿರತೆ ತಿರುಗುವ ಹೊತ್ತು ಅದು. ಸದ್ದಿಲ್ಲದೆ ತಿರುವಿನಲ್ಲಿ ಎದುರಾಗುವ ಸೈಕಲ್ಲಿಗೆ ಕರಡಿ ದಾರಿ ಬಿಡುವುದಿಲ್ಲ. ಕತ್ತಲಿದ್ದಷ್ಟು ಹೊತ್ತು ಊರ ರಸ್ತೆಯಲ್ಲಿರಿ, ಬೆಳಕು ಹರಿದ ಮೇಲೆ ಗುಡ್ಡ.

ಹೊರಡುವ ಮುನ್ನ, ಬಂದ ಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಕುಡಿದದ್ದಕ್ಕಿಂತ ಸುಮಾರು ಒಂದು ಲೀಟರ್ ಹೆಚ್ಚು ಬೆವರಿದ್ದೀರಿ. ತೂಕ ಏರಿದ್ದರೆ ನೀರು ಅತಿಯಾಗಿದೆ, ಅದೂ ಅಪಾಯ. ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಬಿಸಿಲಿಗೆ ಮೈ ಒಗ್ಗಲು ಹತ್ತು-ಹದಿನಾಲ್ಕು ದಿನ ಬೇಕು: ರಕ್ತದ ದ್ರವ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬಿರುಸು ಬೇಡ. ಜೊತೆಗಾರರ ಮಾತು ತೊದಲಿದರೆ, ಎಲ್ಲಿದ್ದೇವೆಂದು ತಿಳಿಯದಂತಾದರೆ ಅದು ದಣಿವಲ್ಲ, ಬಿಸಿಲಾಘಾತ. ನೆರಳಿಗೆ ತಂದು, ಮೈಗೆಲ್ಲ ನೀರು ಸುರಿದು, ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ.

ಜೂನಿನಲ್ಲಿ ಹಾದಿಗಿಳಿಯುವ ಮುನ್ನ ಟೈರ್ ಬಿಚ್ಚಿ ನೋಡುವುದು ಲೇಸು. ಟ್ಯೂಬ್‌ಲೆಸ್ ಟೈರಿನೊಳಗೆ ತೂತು ಮುಚ್ಚಲು ಹಾಕುವ ದ್ರವ, ಸೀಲೆಂಟ್, ಈ ಸೆಕೆಗೆ ಒಣಗಿ ರಬ್ಬರ್ ಹಾಳೆಯಾಗಿರುತ್ತದೆ, ಹೊರಗೆ ಬಳ್ಳಾರಿ ಜಾಲಿಯ ಮುಳ್ಳು ಕಾದಿರುತ್ತದೆ. 29 ಇಂಚಿನ ಚಕ್ರಕ್ಕೆ 100-120 ಮಿ.ಲೀ. ಹೊಸದು ಹಾಕಿ. ಮೊದಲ ಮಳೆಗೆ ಗರಸಿನ ಕೆಂಪು ಹಾದಿ ಒಂದೇ ದಿನದಲ್ಲಿ ಬಸಿಯುತ್ತದೆ. ಸಿಂಧನೂರು, ಸಿರುಗುಪ್ಪ ಕಡೆಯ ಎರೆಮಣ್ಣಿನದು ಬೇರೆ ಕಥೆ. ನೀರು ಕುಡಿದು ಉಬ್ಬಿದ ಆ ಜೇಡಿ ಚಕ್ರಕ್ಕೂ ಫ್ರೇಮಿಗೂ ನಡುವೆ ಮೆತ್ತಿ, ಗೇರ್ ಬದಲಿಸುವ ಡಿರೇಲರ್‌ನ ಪುಟ್ಟ ಗಾಲಿಗಳನ್ನು ಹಿಡಿದುಬಿಡುತ್ತದೆ. ಎರಡು ತಿಂಗಳು ಉಳಿಸಿಕೊಂಡ ಕಾಲಿನ ಬಲವನ್ನು ಅಲ್ಲಿ ತೋರಿಸಲು ಹೋದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಲಟಕ್ಕೆಂದು ಮುರಿಯುತ್ತದೆ. ಇಳಿದು, ಕಡ್ಡಿಯಲ್ಲಿ ಕೆರೆದು, ಸೈಕಲ್ಲನ್ನು ಹೆಗಲಿಗೇರಿಸಿ ಗಟ್ಟಿ ನೆಲ ಸಿಗುವವರೆಗೆ ನಡೆಯಿರಿ.