ಕೆರೆಯ ಅಂಚು ಎಲ್ಲಿದೆ?

ನಕ್ಷೆಯ ಪಾಠವನ್ನು ಭೂಗೋಲದಿಂದ ಆರಂಭಿಸುವುದನ್ನು ಬಿಟ್ಟಿದ್ದೇನೆ. ಗೂಗಲ್ ಅರ್ತ್ ತೆರೆದೊಡನೆ ತಿರುಗುವ ಗೋಲ ಕಂಡು ಮಕ್ಕಳು ಬೆರಗಾಗುತ್ತಾರೆ, ನಿಜ. ಐದು ನಿಮಿಷದಲ್ಲಿ ಆ ಬೆರಗು ಅಮೆರಿಕ ಸುತ್ತಿ ಕರಗಿಹೋಗುತ್ತದೆ. ಈಗ ನೇರವಾಗಿ ಊರ ಕೆರೆಗೇ ಇಳಿಸುತ್ತೇನೆ. ಚಿಕ್ಕಬಳ್ಳಾಪುರದ ಸುತ್ತ ಕೆರೆಗಳಿಗೇನು ಬರವಿಲ್ಲ, ನೀರಿಗೆ ಬರವಿರಬಹುದು.

ಏಳನೆಯ ತರಗತಿಗೆ ಕೊಡುವ ಕೆಲಸ ಒಂದೇ: ಕೆರೆಯ ಸುತ್ತ ಗೆರೆ ಎಳೆಯಿರಿ. ಗೆರೆಯ ಎರಡು ತುದಿ ಕೂಡಿದೊಡನೆ ವಿಸ್ತೀರ್ಣ ತೆರೆಯ ಮೇಲೆ ಬರುತ್ತದೆ. ಹೆಕ್ಟೇರನ್ನು 2.47ರಿಂದ ಗುಣಿಸಿದರೆ ಎಕರೆ. ಅದರಲ್ಲಿ ಉಳಿದ ದಶಮಾಂಶವನ್ನು 40ರಿಂದ ಗುಣಿಸಿದರೆ ಗುಂಟೆ. ಮನೆಯಲ್ಲಿ ಪಹಣಿಯ ಮಾತು ಕೇಳಿ ಬೆಳೆದವರಿಗೆ ಗುಂಟೆಯನ್ನು ವಿವರಿಸಬೇಕಾಗಿಲ್ಲ. ದಶಮಾಂಶಕ್ಕೆ ಬೆದರುವವರೂ ಇಲ್ಲಿ ಬೆದರುವುದಿಲ್ಲ.

ಉತ್ತರಗಳು ತಾಳೆಯಾಗದಿದ್ದಾಗ ಜಗಳ ಹತ್ತಿಕೊಳ್ಳುತ್ತದೆ. ನಿಜವಾದ ಪಾಠ ಅದೇ. ಒಬ್ಬಳು ನೀರಿನ ಅಂಚಿಗೆ ಗೆರೆ ಎಳೆದಿರುತ್ತಾಳೆ, ಇನ್ನೊಬ್ಬ ಜಾಲಿ ಬೆಳೆದ ಅಂಗಳವನ್ನೂ ಒಳಗೆ ಸೇರಿಸಿರುತ್ತಾನೆ. ಆಗ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ತೆಗೆಸುತ್ತೇನೆ. ಒಂದರಲ್ಲಿ ಕೆರೆ ಒಣಗಿ ಬಿಳಿಚಿಕೊಂಡಿದೆ, ಇನ್ನೊಂದರಲ್ಲಿ ಜಾಲಿಯ ಬುಡಕ್ಕೆ ನೀರು ಮುಟ್ಟಿದೆ. 2021ರ ನವೆಂಬರ್ ಮಳೆಯಲ್ಲಿ ಕೋಡಿ ಬಿದ್ದದ್ದು ಮಕ್ಕಳಿಗೇ ನೆನಪಿರುತ್ತದೆ. ಕೊನೆಗೆ ರಾಜ್ಯ ಸರ್ಕಾರದ ಭೂನಕ್ಷೆಯ ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರಿನ ಗಡಿ ನೋಡಿದರೆ ಮೂರನೆಯದೊಂದು ಗೆರೆ! ನೀರಿನ ಕೆರೆ, ಕೋಡಿಮಟ್ಟದ ಕೆರೆ, ದಾಖಲೆಯ ಕೆರೆ. ಒತ್ತುವರಿ ಎಂಬ ಪದವನ್ನು ನಾನು ಎತ್ತುವುದಿಲ್ಲ, ತಾನಾಗಿ ಬರುತ್ತದೆ.

ಗೂಗಲ್ ಅರ್ತ್ ತೋರಿಸುವ ಎತ್ತರದ ಅಂಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. 1,478 ಮೀಟರ್ ಎತ್ತರದ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರಕ್ಕೂ ದಕ್ಷಿಣ ಪಿನಾಕಿನಿ ತಮಿಳುನಾಡಿಗೂ ಏಕೆ ಬೇರೆಯಾದವು ಎಂದು ತೋರಿಸಲು ಅದು ಧಾರಾಳ ಸಾಕು. ಆದರೆ ಉಪಗ್ರಹದ ಎತ್ತರದ ಮಾಹಿತಿ ಹೆಚ್ಚಾಗಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಅಂಕಿ. ಕಿರಿದಾದ ಪೋಷಕ ಕಾಲುವೆ ಅದರಲ್ಲಿ ಮುಳುಗಿಹೋಗುತ್ತದೆ, ಸಣ್ಣ ಏರಿಯೂ ಅಷ್ಟೇ. ಅದಕ್ಕೆ ಕಾಲ್ನಡಿಗೆಯೇ ಗತಿ.

ಇಂಟರ್‌ನೆಟ್ ಕೈಕೊಡುವುದರಿಂದ ಚಿತ್ರಗಳನ್ನು ಮುದ್ರಿಸಿ, ಟ್ರೇಸಿಂಗ್ ಹಾಳೆಯೊಂದಿಗೆ ಒಯ್ಯುತ್ತೇನೆ. ಕಳೆದ ಸಲ ಕಾಲುವೆಯ ಗುಂಟ ನಡೆದ ತಂಡ, ತೆರೆಯಲ್ಲಿ ಕಾಣದಿದ್ದ ಎರಡು ಮೋರಿಗಳನ್ನು ಗುರುತಿಸಿಕೊಂಡು ಬಂತು. ಒಂದಕ್ಕೆ ಮಣ್ಣು ತುಂಬಿತ್ತು. ಅದನ್ನು ನಕ್ಷೆಯಲ್ಲಿ ಯಾವ ಬಣ್ಣದಲ್ಲಿ ತೋರಿಸಬೇಕು ಎಂದು ಇನ್ನೂ ಚರ್ಚೆ ನಡೆದಿದೆ.